ಹುಟ್ಟು ನ್ಯೂನತೆ ಇರುವ ಮಗು ಆಸ್ಪತ್ರೆಯಲ್ಲಿದ್ದಾಗ ತಾಯಿಗೆ ಆಸರೆಯಾಗುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹೆರಿಗೆ ಆದ ಕೂಡಲೇ "ಮಗುವಿಗೆ ಒಂದು ತೊಂದರೆ ಇದೆ" ಎಂದು ಡಾಕ್ಟರ್ ಹೇಳಿದರೆ ಮನೆಯವರ ಗಮನವೆಲ್ಲ ಮಗುವಿನ ಕಡೆ ಹೋಗುತ್ತದೆ. ಸಹಜವೇ. ಸ್ಕ್ಯಾನ್, ರಕ್ತ ಪರೀಕ್ಷೆ, ದುಡ್ಡಿನ ಏರ್ಪಾಡು, ದೊಡ್ಡ ಆಸ್ಪತ್ರೆಗೆ ಸಾಗಿಸುವ ಓಡಾಟ. ಈ ಗದ್ದಲದಲ್ಲಿ ಹೆತ್ತವಳು ಮೂಲೆಗೆ ಸರಿದುಬಿಡುತ್ತಾಳೆ. ಅವಳೂ ಆಗಷ್ಟೇ ಹೆತ್ತವಳು. ಹೊಟ್ಟೆಯಲ್ಲಿ ಹೊಲಿಗೆ ಇರಬಹುದು. ನಿದ್ದೆ ಇಲ್ಲ. ಒಂಬತ್ತು ತಿಂಗಳು ಹೊತ್ತ ಮಗು ಗಾಜಿನ ಪೆಟ್ಟಿಗೆಯೊಳಗಿದೆ.

ಈ ಬರಹ ಅವಳ ಸುತ್ತ ಇರುವವರಿಗೆ. ಗಂಡ, ಅಮ್ಮ, ಅತ್ತೆ, ಅಕ್ಕ-ತಂಗಿ, ಗೆಳತಿ ಯಾರೇ ಆಗಲಿ. ವಾರ್ಡಿನ ಸಿಸ್ಟರ್‌ಗಳಿಗೂ ಕೆಲವು ಮಾತು ಉಪಯೋಗಕ್ಕೆ ಬಂದೀತು. ಉದ್ದಕ್ಕೂ ಒಂದೇ ಸೂತ್ರ ಹಿಡಿದುಕೊಂಡಿದ್ದೇನೆ: ತಾಯಿಯಿಂದ ಮಾತ್ರ ಆಗುವ ಕೆಲಸವನ್ನು ಅವಳಿಗೇ ಬಿಡಿ, ಉಳಿದದ್ದೆಲ್ಲ ನೀವು ಹೊತ್ತುಕೊಳ್ಳಿ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗಾಮುರುಗಾ. "ನೀನು ಸುಮ್ನೆ ಮಲಗಿರು" ಎಂದು ಮಗುವಿನ ಹತ್ತಿರ ಹೋಗದಂತೆ ತಡೆಯುತ್ತೇವೆ. ಅದೇ ಹೊತ್ತಿಗೆ ಬಂದು ಹೋಗುವವರಿಗೆಲ್ಲ ಅವಳೇ ಉತ್ತರ ಹೇಳುತ್ತಾ ಕೂತಿರಬೇಕಾಗುತ್ತದೆ.

ಹೆಜ್ಜೆ 1: ಮೊದಲು ನೀವು ತಿಳಿದುಕೊಳ್ಳಿ

ಅವಳ ಹತ್ತಿರ ಹೋಗುವ ಮುಂಚೆ ಮಗುವಿಗೆ ಏನಾಗಿದೆ ಎಂದು ಸರಿಯಾಗಿ ಕೇಳಿಕೊಳ್ಳಿ. ಕಾಯಿಲೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. "ಹಾರ್ಟಲ್ಲಿ ಏನೋ ಪ್ರಾಬ್ಲಮ್ ಅಂತೆ" ಎನ್ನುವಷ್ಟೇ ಗೊತ್ತಿದ್ದರೆ ಯಾರ ಭಯವೂ ಕಮ್ಮಿಯಾಗುವುದಿಲ್ಲ.

ಹುಟ್ಟು ನ್ಯೂನತೆ ಅಪರೂಪದ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಹುಟ್ಟುವ ಮಕ್ಕಳಲ್ಲಿ ಶೇ. 6ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಹುಟ್ಟು ತೊಂದರೆ ಇರುತ್ತದೆ. ಹೃದಯದ ನ್ಯೂನತೆಯೇ ಸುಮಾರು 100 ಮಕ್ಕಳಲ್ಲಿ ಒಬ್ಬರಿಗೆ ಕಾಣಿಸುತ್ತದೆ. ಎಲ್ಲವೂ ಒಂದೇ ತೂಕದ್ದಲ್ಲ. ಪಾದ ಒಳಕ್ಕೆ ಸೊಟ್ಟಗಿದ್ದರೆ ಪೊನ್ಸೆಟಿ ವಿಧಾನದಲ್ಲಿ ವಾರ ವಾರ ಪ್ಲಾಸ್ಟರ್ ಬದಲಿಸುತ್ತಾ ನೇರ ಮಾಡುತ್ತಾರೆ. ಸೀಳುತುಟಿಯ ಆಪರೇಷನ್ ಸಾಮಾನ್ಯವಾಗಿ ಮಗುವಿಗೆ ಕೆಲವು ತಿಂಗಳು ತುಂಬಿದ ಮೇಲೆ. ಅನ್ನನಾಳ ಹೊಟ್ಟೆಗೆ ಸೇರದೆ ನಡುವೆಯೇ ಮುಚ್ಚಿಕೊಂಡಿದ್ದರೆ, ಕರುಳು ಹೊಟ್ಟೆಯಿಂದ ಹೊರಗೆ ಬಂದಿದ್ದರೆ ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ಆಪರೇಷನ್ ಬೇಕು. ಬೇರೆ ಯಾರದೋ ಮಗುವಿನ ಕಥೆಯನ್ನು ಈ ಮಗುವಿಗೆ ಹೊಂದಿಸಿ ಹೇಳಬೇಡಿ. ಕಾಯಿಲೆಯ ಹೆಸರು ಒಂದೇ ಆದರೂ ತೀವ್ರತೆ ಬೇರೆ ಇರುತ್ತದೆ.

ಹೆಜ್ಜೆ 2: "ನನ್ನಿಂದಲೇ ಹೀಗಾಯ್ತಾ?" ಎಂಬ ಪ್ರಶ್ನೆಗೆ ಉತ್ತರ ಕೊಡಿ

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ತಾಯಂದಿರು ಕಮ್ಮಿ. ಮನಸ್ಸಿನಲ್ಲಿ ಕೇಳಿಕೊಳ್ಳದವರು ಮಾತ್ರ ಬಹಳ ಕಮ್ಮಿ. ಆವತ್ತು ಭಾರ ಎತ್ತಿದ್ದಕ್ಕಾ? ಜ್ವರ ಬಂದಾಗ ಆ ಮಾತ್ರೆ ನುಂಗಿದ್ದಕ್ಕಾ? ಮಗು ಬೇಡ ಎಂದು ಒಂದು ದಿನ ಅನ್ನಿಸಿದ್ದಕ್ಕಾ? ರಾತ್ರಿಯೆಲ್ಲ ಒಂಬತ್ತು ತಿಂಗಳನ್ನು ಹಿಂದಕ್ಕೆ ಎಣಿಸುತ್ತಾ ಮಲಗಿರುತ್ತಾಳೆ.

ನಿಜ ಸಂಗತಿ ಇದು. ಹುಟ್ಟು ನ್ಯೂನತೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇಂಥದ್ದೇ ಎಂದು ಬೊಟ್ಟು ಮಾಡಿ ತೋರಿಸುವ ಕಾರಣ ಸಿಗುವುದೇ ಇಲ್ಲ. ಉಳಿದವುಗಳಲ್ಲಿ ಕ್ರೋಮೋಸೋಮ್ ಅಥವಾ ಜೀನ್‌ನ ಬದಲಾವಣೆ, ಕೆಲವು ಸೋಂಕು, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಕೆಲವು ಔಷಧಿ, ಫೋಲಿಕ್ ಆಮ್ಲದ ಕೊರತೆ ಹೀಗೆ ಬೇರೆ ಬೇರೆ ಕಾರಣ ಇರಬಹುದು. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ 8 ವಾರಗಳಲ್ಲಿ. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳ ಒಳಗೆ. ಎಷ್ಟೋ ಸಲ ಬಸಿರು ಎಂದು ಅವಳಿಗೇ ಗೊತ್ತಾಗುವ ಮುಂಚೆ. ಏಳನೇ ತಿಂಗಳಲ್ಲಿ ಬಿಂದಿಗೆ ಎತ್ತಿದ್ದಕ್ಕೆ ಹೃದಯದಲ್ಲಿ ತೂತಾಗುವುದಿಲ್ಲ.

ಇದನ್ನು ನೀವು ಹೇಳುವುದಕ್ಕಿಂತ ಡಾಕ್ಟರ್ ಬಾಯಿಂದ ಹೇಳಿಸುವುದು ಒಳ್ಳೆಯದು. ಗಂಡ, ಅತ್ತೆ, ಮನೆಯ ಹಿರಿಯರು ಜೊತೆಗಿರುವಾಗಲೇ "ಡಾಕ್ಟ್ರೇ, ಇದು ತಾಯಿ ಮಾಡಿದ ಯಾವುದಾದರೂ ತಪ್ಪಿಂದ ಆಯ್ತಾ?" ಎಂದು ನೇರವಾಗಿ ಕೇಳಿ. ಆ ಉತ್ತರ ಎಲ್ಲರ ಕಿವಿಗೂ ಬೀಳಲಿ. "ನಮ್ಮ ಕಡೆ ಯಾರಿಗೂ ಹೀಗಾಗಿಲ್ಲ" ಎಂಬ ಮಾತು ಮನೆಯಲ್ಲಿ ಹುಟ್ಟುವ ಮೊದಲೇ ಅದಕ್ಕೆ ಬಾಗಿಲು ಹಾಕಬೇಕು. ಒಂದು ಸಲ ಕೇಳಿದರೆ ಸಾಲದು. ಅವಳಿಗೆ ಮತ್ತೆ ಮತ್ತೆ ಅನುಮಾನ ಬರುತ್ತದೆ, ಮತ್ತೆ ಮತ್ತೆ ಅದೇ ಉತ್ತರ ಬೇಕಾಗುತ್ತದೆ.

ಹೆಜ್ಜೆ 3: ಮಾತು ಕಮ್ಮಿ ಇರಲಿ, ಸರಿಯಾದದ್ದಿರಲಿ

"ಎಲ್ಲಾ ಸರಿಹೋಗುತ್ತೆ ಬಿಡು" ಎನ್ನಬೇಡಿ. ಸರಿಹೋಗುತ್ತದೋ ಇಲ್ಲವೋ ನಿಮಗೆ ಗೊತ್ತಿಲ್ಲ, ಅದು ಅವಳಿಗೂ ಗೊತ್ತು. "ಇನ್ನೊಂದು ಮಗು ಆಗುತ್ತೆ" ಎನ್ನುವುದು ಇನ್ನೂ ಕೆಟ್ಟದ್ದು. ಈ ಮಗು ಉಸಿರಾಡುತ್ತಾ ಒಳಗೆ ಮಲಗಿದೆ, ಅಲ್ವಾ? "ಅಳಬೇಡ, ಹಾಲು ನಿಂತುಹೋಗುತ್ತೆ" ಎಂದು ಹೆದರಿಸಬೇಡಿ. ಅತ್ತರೆ ಅಳಲಿ.

ಹಾಗಾದರೆ ಏನು ಹೇಳಬೇಕು? ಮಗುವಿನ ಹೆಸರು ಕೇಳಿ. ಹೆಸರಿಟ್ಟಿಲ್ಲದಿದ್ದರೆ ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿ. "ಕೂದಲು ಎಷ್ಟು ದಟ್ಟ ಇದೆ ನೋಡು", "ಗಲ್ಲ ಥೇಟ್ ನಿಂದೇ" ಎನ್ನಿ. ನ್ಯೂನತೆಯ ಆಚೆಗೂ ಅಲ್ಲೊಂದು ಮಗು ಇದೆ ಎಂದು ಆ ಒಂದು ಮಾತು ತೋರಿಸುತ್ತದೆ. ಎಷ್ಟೋ ತಾಯಂದಿರಿಗೆ ಮಗು ಹುಟ್ಟಿದ ಸಂತೋಷವನ್ನು ಯಾರೂ ಹಂಚಿಕೊಂಡೇ ಇರುವುದಿಲ್ಲ. ಏನೂ ತೋಚದಿದ್ದರೆ "ಏನು ಹೇಳಬೇಕೋ ಗೊತ್ತಾಗ್ತಿಲ್ಲ, ನಾನು ಇಲ್ಲೇ ಇರ್ತೀನಿ" ಎನ್ನಿ. ಅಷ್ಟು ಸಾಕು.

ಅವಳು ಒಂದು ದಿನ ಸಿಟ್ಟಾಗಬಹುದು, ಇನ್ನೊಂದು ದಿನ ಏನೂ ಆಗಿಲ್ಲವೆಂಬಂತೆ ಇರಬಹುದು. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆನ್ನಿಸ್ ಡ್ರೋಟರ್ ಮತ್ತು ಜೊತೆಗಾರರು ಇಂಥ ಅಪ್ಪ-ಅಮ್ಮಂದಿರ ಜೊತೆ ಮಾತಾಡಿ ಅವರು ಹಾದುಹೋಗುವ ಐದು ಹಂತ ಗುರುತಿಸಿದರು: ಆಘಾತ, ನಂಬದಿರುವುದು, ದುಃಖ-ಸಿಟ್ಟು-ಆತಂಕ, ನಿಧಾನಕ್ಕೆ ಹೊಂದಿಕೊಳ್ಳುವುದು, ಬದುಕನ್ನು ಮತ್ತೆ ಜೋಡಿಸಿಕೊಳ್ಳುವುದು. ವಾರ್ಡಿನಲ್ಲಿ ಇವು ಸಾಲಾಗಿ ಬರುವುದಿಲ್ಲ. ಬೆಳಿಗ್ಗೆ ಹೊಂದಿಕೊಂಡವಳು ಸಂಜೆ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಬಂದ ಮೇಲೆ ಮೊದಲ ದಿನದ ಆಘಾತಕ್ಕೇ ಮರಳಬಹುದು. ಅದನ್ನು ತಿದ್ದಲು ಹೋಗಬೇಡಿ.

ಹೆಜ್ಜೆ 4: ಅವಳು ಹಸಿ ಬಾಣಂತಿ ಎಂಬುದು ನೆನಪಿರಲಿ

ಮಗು ಒಂದು ಆಸ್ಪತ್ರೆಯಲ್ಲಿ, ತಾಯಿ ಇನ್ನೊಂದರಲ್ಲಿ. ಇಲ್ಲವೇ ಅವಳಿಗೆ ಡಿಸ್ಚಾರ್ಜ್ ಆಗಿ ಎನ್‌ಐಸಿಯು (ನವಜಾತ ಮಕ್ಕಳ ತೀವ್ರ ನಿಗಾ ಘಟಕ) ಹೊರಗಿನ ಬೆಂಚಿನ ಮೇಲೆ ದಿನವಿಡೀ ಕೂತಿರುತ್ತಾಳೆ. ಮಕ್ಕಳ ಡಾಕ್ಟರ್ ಮಗುವನ್ನು ನೋಡುತ್ತಾರೆ. ಅವಳನ್ನು ನೋಡುವವರು ಯಾರೂ ಇರುವುದಿಲ್ಲ. ಆ ಕೆಲಸ ನಿಮ್ಮದು.

ಒರಗಲು ಬೆನ್ನು ಇರುವ ಕುರ್ಚಿ, ಹತ್ತಿರದಲ್ಲಿ ಶೌಚಾಲಯ, ಬದಲಿಸಲು ಪ್ಯಾಡ್, ಕುಡಿಯಲು ನೀರು ಇವೆಯಾ ನೋಡಿ. ಹೊತ್ತಿಗೆ ಸರಿಯಾಗಿ ಊಟ ಅವಳ ಕೈಗೇ ಸಿಗಬೇಕು. "ಊಟ ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದೇ ಹೇಳುತ್ತಾಳೆ. ಕೇಳುವ ಬದಲು ತಟ್ಟೆ ತಂದು ಮುಂದಿಡಿ. ಸಿಸೇರಿಯನ್ ಆಗಿದ್ದರೆ ಭಾರ ಎತ್ತಿಸಬೇಡಿ, ಮೆಟ್ಟಿಲು ಹತ್ತಿಳಿಸಬೇಡಿ. ಸಾಧ್ಯವಿದ್ದರೆ ಗಾಲಿ ಕುರ್ಚಿ ಕೇಳಿ, ಅದರಲ್ಲಿ ನಾಚಿಕೆ ಏನಿದೆ?

ಕೆಳಗಿನ ಯಾವುದಾದರೂ ಕಂಡರೆ ಮಗುವಿನ ನೆಪ ಹೇಳಿ ತಡ ಮಾಡದೆ ಕೂಡಲೇ ಹೆರಿಗೆ ಡಾಕ್ಟರಿಗೆ ತೋರಿಸಿ:

- ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ
- 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಲಿಗೆ ಕೆಂಪಾಗುವುದು, ಕೀವಾಗುವುದು
- ಬಿಡದ ತಲೆನೋವು, ಕಣ್ಣು ಮಂಜಾಗುವುದು (ರಕ್ತದೊತ್ತಡ ಹೆರಿಗೆಯ ನಂತರ 6 ವಾರದವರೆಗೂ ಏರಬಹುದು)
- ಒಂದೇ ಕಾಲಿನಲ್ಲಿ ಊತ, ನೋವು; ಎದೆನೋವು, ಏದುಸಿರು

ಹೆಜ್ಜೆ 5: ಎದೆಹಾಲಿಗೆ ಬೆಂಬಲ ಕೊಡಿ, ಒತ್ತಡ ಹಾಕಬೇಡಿ

ಬಾಯಿಗೆ ಏನೂ ಕೊಡಬಾರದು ಎಂದಿರುವ ಮಗುವಿಗೂ ಮುಂದೆ ಹಾಲು ಬೇಕಾಗುತ್ತದೆ. ಹಾಗಾಗಿ ಮಗು ಚೀಪದಿದ್ದರೂ ಹಾಲು ಹಿಂಡಿ ತೆಗೆಯುವುದನ್ನು ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಶುರು ಮಾಡಬೇಕು. ರಾತ್ರಿಯದ್ದೂ ಸೇರಿ 24 ಗಂಟೆಯಲ್ಲಿ 8 ಸಲವಾದರೂ ತೆಗೆದರೆ ಹಾಲು ನಿಲ್ಲುತ್ತದೆಂಬ ಭಯ ಇರುವುದಿಲ್ಲ. ಮೊದಲ ದಿನ ಬರುವುದು ಕೆಲವೇ ಹನಿ, ಹಳದಿ ಬಣ್ಣದ ಗಿಣ್ಣುಹಾಲು. "ಇಷ್ಟೇನಾ?" ಎಂದು ಯಾರೂ ಅನ್ನಬಾರದು. ಆ ಹನಿಗಳನ್ನೇ ಹತ್ತಿಯಲ್ಲಿ ಅದ್ದಿ ಮಗುವಿನ ಬಾಯಿಯ ಒಳಭಾಗಕ್ಕೆ ಸವರುವ ಪದ್ಧತಿ ಹಲವು ಎನ್‌ಐಸಿಯುಗಳಲ್ಲಿದೆ. ನಿಮ್ಮ ವಾರ್ಡಿನಲ್ಲಿ ಮಾಡಬಹುದಾ ಎಂದು ಸಿಸ್ಟರ್‌ನ ಕೇಳಿ.

ಇಲ್ಲಿ ಅವಳ ಕೆಲಸ ಹಾಲು ತೆಗೆಯುವುದು ಮಾತ್ರ. ಉಳಿದದ್ದು ನಿಮ್ಮದು. ಪಂಪು, ಬಾಟಲಿ ತೊಳೆದು ಕುದಿಸಿ. ಬಾಟಲಿಯ ಮೇಲೆ ಹೆಸರು, ತಾರೀಕು, ಸಮಯ ಬರೆದು ಅಂಟಿಸಿ. ಮರೆಗೆ ಒಂದು ಜಾಗ ಹುಡುಕಿಕೊಡಿ. ರಾತ್ರಿ ಎಬ್ಬಿಸಲು ನಿಮ್ಮ ಫೋನಿನಲ್ಲಿ ಅಲಾರಂ ಇಡಿ. ಆರೋಗ್ಯವಂತ ಮಗುವಿಗಾದರೆ ತೆಗೆದ ಹಾಲನ್ನು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇಡಬಹುದು. ಎನ್‌ಐಸಿಯು ಮಗುವಿಗೆ ನಿಯಮ ಇನ್ನೂ ಬಿಗಿಯಾಗಿರುತ್ತದೆ, ವಾರ್ಡಿನವರು ಹೇಳಿದಂತೆಯೇ ಮಾಡಿ.

ಅಂಗುಳು ಸೀಳಿರುವ ಮಗುವಿಗೆ ಚೀಪುವ ಎಳೆತ ಬರುವುದಿಲ್ಲ. ಅದಕ್ಕೆಂದೇ ಇರುವ ಬಾಟಲಿಯಲ್ಲಿ ಎದೆಹಾಲು ಕುಡಿಸಬಹುದು. ಹೃದಯದ ತೊಂದರೆ ಇರುವ ಮಗು ನಾಲ್ಕು ಸಲ ಚೀಪುವಷ್ಟರಲ್ಲಿ ಸುಸ್ತಾಗಿ ಬೆವರುತ್ತದೆ. ತಾಯಿಗೆ ಹಾಲು ಕುಡಿಸಲು ಬರುವುದಿಲ್ಲ ಎಂದು ಇದರ ಅರ್ಥ ಅಲ್ಲ. ಎಷ್ಟು ಪ್ರಯತ್ನಿಸಿದರೂ ಹಾಲು ಬಾರದಿದ್ದರೆ, ಇಲ್ಲವೇ ಅವಳೇ ಇನ್ನು ಆಗಲ್ಲ ಎಂದರೆ, ಅಲ್ಲಿಗೆ ಬಿಡಿ. ದಾನದ ಹಾಲು, ಫಾರ್ಮುಲಾ ಏನು ಕೊಡಬೇಕೆಂದು ಡಾಕ್ಟರ್ ಹೇಳುತ್ತಾರೆ.

ಹೆಜ್ಜೆ 6: ಮಗುವಿನ ಹತ್ತಿರ ಅವಳ ಜಾಗವನ್ನು ಅವಳಿಗೆ ಕೊಡಿಸಿ

ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಮುಖ್ಯವಾದ ಹೆಜ್ಜೆ ಇದೇ. ಎನ್‌ಐಸಿಯು ತಾಯಂದಿರನ್ನು ಹೆಚ್ಚು ಕುಗ್ಗಿಸುವುದು ಯಂತ್ರಗಳ ಸದ್ದಿಗಿಂತ, ಟ್ಯೂಬುಗಳಿಗಿಂತ, "ನಾನು ಇವಳಿಗೆ ಅಮ್ಮ ಆಗೋಕೆ ಆಗ್ತಿಲ್ಲ" ಎಂಬ ಭಾವನೆ. ಹಾಲು ಸಿಸ್ಟರ್ ಕೊಡುತ್ತಾರೆ, ಡಯಾಪರ್ ಸಿಸ್ಟರ್ ಬದಲಿಸುತ್ತಾರೆ, ಅವಳು ಗಾಜಿನಾಚೆ ನಿಂತು ನೋಡುತ್ತಾಳೆ.

ಹಿಂದೆ ಆಸ್ಪತ್ರೆಗಳು ತಾಯಂದಿರನ್ನು ದೂರವೇ ಇಡುತ್ತಿದ್ದವು. ಬ್ರಿಟನ್ನಿನಲ್ಲಿ ಸರ್ಕಾರಿ ಸಮಿತಿಯೊಂದರ 1959ರ ಪ್ಲಾಟ್ ವರದಿ ಬಂದ ಮೇಲೆ ಮಕ್ಕಳ ವಾರ್ಡಿನಲ್ಲಿ ಅಪ್ಪ-ಅಮ್ಮನಿಗೆ ಹೊತ್ತಿನ ಮಿತಿ ಇಲ್ಲದೆ ಬಿಡಬೇಕೆಂಬ ಮಾತಿಗೆ ಬಲ ಬಂತು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ, ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ) ಸಾಲದೆ ಬಂದಾಗ ಪುಟ್ಟ ಮಕ್ಕಳನ್ನು ತಾಯಿಯ ಎದೆಗೇ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹಾಗೆ. ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಡಾ. ಆಡಿಕ್ ಲೆವಿನ್, ಕಾಯಿಲೆಯ ನವಜಾತ ಮಕ್ಕಳ ಆರೈಕೆಯನ್ನು ತಾಯಂದಿರ ಕೈಗೇ ಕೊಟ್ಟು ಸಿಸ್ಟರ್‌ಗಳನ್ನು ಅವರಿಗೆ ಕಲಿಸುವವರನ್ನಾಗಿ ಮಾಡಿದರು. ಅಂದರೆ ತಾಯಿ ಹತ್ತಿರ ಇರುವುದು ಆಸ್ಪತ್ರೆ ತೋರುವ ದಯೆಯಲ್ಲ, ಚಿಕಿತ್ಸೆಯ ಭಾಗ. ಧೈರ್ಯವಾಗಿ ಕೇಳಿ: "ಸಿಸ್ಟರ್, ಇವತ್ತು ತಾಯಿ ಏನು ಮಾಡಬಹುದು?" "ಮುಟ್ಟಬಹುದಾ?" ಎಂದು ಕೇಳಿದರೆ ಇಲ್ಲ ಎಂದುಬಿಡುವುದು ಸುಲಭ. "ಏನು ಮಾಡಬಹುದು?" ಎಂದರೆ ಯಾವುದಾದರೂ ಒಂದು ಕೆಲಸ ಸಿಗುತ್ತದೆ.

ಎತ್ತಿಕೊಳ್ಳಲು ಆಗದ ಮಗುವನ್ನು ಮುಟ್ಟುವುದಕ್ಕೂ ಒಂದು ಕ್ರಮ ಇದೆ. ಕೈ ಚೆನ್ನಾಗಿ ತೊಳೆದು, ಒರೆಸಿ, ಅಂಗೈ ಬೆಚ್ಚಗಾಗುವವರೆಗೆ ಕಾಯಬೇಕು. ಮೊದಲು ಮೆಲ್ಲಗೆ ಮಾತಾಡಿಸಬೇಕು, ಮಗು ಬೆಚ್ಚಬಾರದು. ಆಮೇಲೆ ಒಂದು ಅಂಗೈಯನ್ನು ನೆತ್ತಿಗೆ ಬೊಗಸೆಯಂತೆ ಹಿಡಿಯುವುದು, ಇನ್ನೊಂದರಿಂದ ಮಡಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಸೇರಿಸಿ ಹಿಡಿಯುವುದು. ಸವರಬಾರದು, ತಟ್ಟಬಾರದು, ಕೈ ಅಲುಗಿಸದೆ ಇಡಬೇಕು. ಹೊಟ್ಟೆಯಲ್ಲಿ ಗಾಯವೋ ಚೀಲವೋ ಇದ್ದರೆ ಎಲ್ಲಿ ಹಿಡಿಯಬೇಕೆಂದು ಸಿಸ್ಟರ್ ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮಗುವಿನ ಮುಷ್ಟಿ ಸಡಿಲವಾಗುತ್ತದೆ. ಬಿಡುವಾಗಲೂ ಒಂದೊಂದೇ ಕೈ ನಿಧಾನಕ್ಕೆ ತೆಗೆಯಬೇಕು. ಮೊದಲ ಸಲ ಇದನ್ನು ಮಾಡಿ ಹೊರಬಂದ ತಾಯಿಯ ಮುಖ ನೋಡಿದವರಿಗೆ ಇದರ ಬೆಲೆ ಗೊತ್ತು.

ನ್ಯೂನತೆ ಇರುವ ಭಾಗವನ್ನು ನೋಡಲು ಕೆಲವರಿಗೆ ಭಯ. ಬಲವಂತ ಬೇಡ, ಮುಚ್ಚಿಡುವುದೂ ಬೇಡ. ಅವಳು "ತೋರಿಸಿ" ಎಂದಾಗ ಪಕ್ಕದಲ್ಲಿರಿ.

ಹೆಜ್ಜೆ 7: ಡಾಕ್ಟರ್ ಜೊತೆ ಮಾತಾಡುವಾಗ ನೋಟ್‌ಬುಕ್ ಇರಲಿ

ಆಘಾತದಲ್ಲಿರುವವರ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ, ಬಿದ್ದದ್ದು ನೆನಪಿರುವುದಿಲ್ಲ. ಹಾಗಾಗಿ ಒಂದು ಪುಸ್ತಕ ಇಡಿ. ಎಡಗಡೆ ಪುಟದಲ್ಲಿ ಹಿಂದಿನ ರಾತ್ರಿ ಅವಳು ಕೇಳಿದ ಪ್ರಶ್ನೆಗಳು, ಬಲಗಡೆ ರೌಂಡ್ಸ್ ಹೊತ್ತಿನಲ್ಲಿ ಸಿಕ್ಕ ಉತ್ತರ, ಹೇಳಿದವರ ಹೆಸರು, ತಾರೀಕು. ಬೇರೆ ಬೇರೆ ಡಾಕ್ಟರ್ ಬೇರೆ ಬೇರೆ ಹೇಳಿದಂತೆ ಅನ್ನಿಸಿದಾಗ ಈ ಪುಸ್ತಕ ಕೈ ಹಿಡಿಯುತ್ತದೆ.

ಕೇಳಬೇಕಾದ ಪ್ರಶ್ನೆಗಳು ಸರಳವಾಗಿರಲಿ. ಈಗ ಜೀವಕ್ಕೆ ಅಪಾಯ ಇದೆಯಾ? ಬೇರೆ ಅಂಗಗಳಲ್ಲೂ ತೊಂದರೆ ಇದೆಯಾ ಎಂದು ನೋಡಿದ್ದೀರಾ? ಆಪರೇಷನ್ ಈಗಲೋ, ಆಮೇಲೋ, ಒಂದೋ, ಹಲವೋ? ದೊಡ್ಡದಾದ ಮೇಲೆ ಮಗು ಹೇಗಿರುತ್ತದೆ? ಅರ್ಥವಾಗದಿದ್ದರೆ "ಒಂದು ಚಿತ್ರ ಬರೆದು ತೋರಿಸ್ತೀರಾ?" ಎನ್ನಿ. ಹೃದಯದ ತೂತನ್ನು ಮಾತಿನಲ್ಲಿ ಹೇಳುವುದಕ್ಕಿಂತ ಗೆರೆ ಎಳೆದು ತೋರಿಸುವುದು ಸುಲಭ.

ಒಂದು ವಿನಂತಿ. ತಾಯಿಗೆ ಆಘಾತವಾಗುತ್ತದೆ ಎಂದು ಗಂಡಸರನ್ನಷ್ಟೇ ಕರೆದು ಹೇಳುವ, ಅವಳಿಗೆ ಮುಚ್ಚಿಡುವ ಅಭ್ಯಾಸ ಬಿಡಿ. ಎಲ್ಲರ ಮುಖ ನೋಡಿಯೇ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಒಳ್ಳೆಯ ಸುದ್ದಿ ಹೇಳಿದರೂ ನಂಬುವುದಿಲ್ಲ.

ಹೆಜ್ಜೆ 8: ಆಪರೇಷನ್ ದಿನ

ಥಿಯೇಟರ್ ಬಾಗಿಲವರೆಗೆ ಅವಳು ಮಗುವಿನ ಜೊತೆ ಹೋಗಬಹುದಾ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಆಪರೇಷನ್ ನಂತರ ಮಗು ಹೇಗೆ ಕಾಣುತ್ತದೆ ಎಂದು ಹಿಂದಿನ ದಿನವೇ ಸಿಸ್ಟರ್ ಹತ್ತಿರ ಹೇಳಿಸಿ: ಮುಖ ಊದಿರಬಹುದು, ಬಾಯಲ್ಲಿ ವೆಂಟಿಲೇಟರ್ ಟ್ಯೂಬ್ ಇರಬಹುದು, ಅತ್ತರೂ ಸದ್ದು ಬರದಿರಬಹುದು. ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ಬಹಳ ವ್ಯತ್ಯಾಸ. ಕಾಯುವ ಹೊತ್ತಿನಲ್ಲಿ ಒಬ್ಬರು ಜೊತೆಗಿದ್ದರೆ ಸಾಕು. ಹೊತ್ತಾದರೆ ಒಳಗೆ ವಿಚಾರಿಸಿ ಬರುವ ಕೆಲಸ ಇನ್ನೊಬ್ಬರಿಗಿರಲಿ. ಆ ದಿನವೂ ಹಾಲು ತೆಗೆಯುವುದನ್ನು ನೆನಪಿಸಿ.

ಹೆಜ್ಜೆ 9: ಹೊರಗಿನ ಕೆಲಸಗಳು

"ಏನಾದ್ರೂ ಬೇಕಿದ್ರೆ ಹೇಳು" ಎಂದರೆ ಯಾರೂ ಹೇಳುವುದಿಲ್ಲ. "ನಾಳೆ ಬೆಳಿಗ್ಗೆ ಬಟ್ಟೆ ಒಗೆದು ತರ್ತೀನಿ", "ದೊಡ್ಡ ಮಗನ್ನ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ" ಎನ್ನಿ, ಮಾಡಿ. ಬಿಲ್, ವಿಮೆ, ನೆರವಿನ ಅರ್ಜಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಭೇಟಿ, ಇವನ್ನು ಒಬ್ಬರೇ ನೋಡಿಕೊಳ್ಳಲಿ. ಬಂಧುಗಳಿಗೆ ದಿನಕ್ಕೊಂದು ಮೆಸೇಜು ಹಾಕುವವರೂ ಒಬ್ಬರೇ ಇರಲಿ, ಅವಳ ಫೋನ್ ಸುಮ್ಮನಿರಲಿ. ಅವಳ ಒಪ್ಪಿಗೆ ಇಲ್ಲದೆ ಮಗುವಿನ ಫೋಟೋ ಯಾರಿಗೂ ಕಳಿಸಬೇಡಿ.

ಮನೆಯಲ್ಲಿರುವ ದೊಡ್ಡ ಮಗುವಿಗೆ ನಿಜ ಹೇಳಿ, ಅದರ ಮಟ್ಟಕ್ಕೆ ತಕ್ಕಂತೆ. ಅಪ್ಪನನ್ನೂ ಮರೆಯಬೇಡಿ. ಗಟ್ಟಿಯಾಗಿರಬೇಕು ಎಂದು ಅವನು ಅಳದೆ ಓಡಾಡುತ್ತಿದ್ದರೆ, "ಇವನಿಗೆ ಚಿಂತೆಯೇ ಇಲ್ಲ" ಎಂದು ಅವಳಿಗೆ ಅನ್ನಿಸುತ್ತಿರುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಇಬ್ಬರನ್ನೇ ಬಿಟ್ಟು ಬನ್ನಿ.

ಹೆಜ್ಜೆ 10: ಅವಳ ಮನಸ್ಸಿನ ಮೇಲೆ ಕಣ್ಣಿರಲಿ

ಹೆರಿಗೆಯಾದ ಮೊದಲ ಎರಡು ವಾರ ಅಳು, ಸಿಡುಕು ಬಹಳ ಮಂದಿಗೆ ಬರುವಂಥದ್ದೇ. ಎರಡು ವಾರ ದಾಟಿಯೂ ದುಃಖ ಬಿಡದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ನೋಡಲು ಹೋಗುವುದನ್ನೇ ನಿಲ್ಲಿಸಿದರೆ, ಮಾನಿಟರ್ ಸದ್ದು ಕನಸಿನಲ್ಲೂ ಕೇಳಿ ಬೆಚ್ಚಿಬೀಳುತ್ತಿದ್ದರೆ ಸಹಾಯ ಬೇಕು. ಯಾವ ತೊಂದರೆಯೂ ಇಲ್ಲದ ಹೆರಿಗೆಗಳನ್ನೂ ಸೇರಿಸಿ ನೋಡಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಾಣಂತಿಯರಲ್ಲಿ ಶೇ. 13ರಷ್ಟು ಮಂದಿಗೆ ಖಿನ್ನತೆಯಂಥ ಮಾನಸಿಕ ತೊಂದರೆ ಬರುತ್ತದೆ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪಟ್ಟಿಯ 10 ಪ್ರಶ್ನೆಗಳಿಂದ ಇದನ್ನು ಬೇಗ ಗುರುತಿಸಬಹುದು. ಆ ಪರೀಕ್ಷೆ ಮಾಡಿ ಎಂದು ಹೆರಿಗೆ ಡಾಕ್ಟರಿಗೆ ಕೇಳಿ. ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

"ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಆವತ್ತೇ ಮನೋವೈದ್ಯರಿಗೆ ತೋರಿಸಿ. ಇಲ್ಲದ ದನಿ ಕೇಳುವುದು, ಅಸಂಬದ್ಧ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನುವುದು ಕಂಡರೆ ಅದು ತುರ್ತು ಪರಿಸ್ಥಿತಿ.

ಇಂಥದೇ ಕಾಯಿಲೆಯ ಮಗುವನ್ನು ಬೆಳೆಸಿದ ಇನ್ನೊಬ್ಬ ತಾಯಿಯನ್ನು ಭೇಟಿ ಮಾಡಿಸಲು ಆದರೆ ಮಾಡಿಸಿ. ನಾವು ಗಂಟೆಗಟ್ಟಲೆ ಹೇಳಿದ್ದು ನಾಟದಿದ್ದರೂ ಅವರು "ನಂಗೂ ಹಾಗೇ ಅನ್ನಿಸಿತ್ತು" ಎಂದರೆ ನಾಟುತ್ತದೆ.

ಹೆಜ್ಜೆ 11: ಮಗು ಉಳಿಯದಿದ್ದರೆ

ಇದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ. ಉಳಿಸಲು ಆಗದು ಎಂದು ಡಾಕ್ಟರ್ ಹೇಳಿದರೆ ಮಗುವನ್ನು ಅವಳ ತೋಳಿಗೆ ಕೊಡಿಸಿ, ಸಮಯ ಕೊಡಿಸಿ. "ನೋಡಬೇಡ, ಮರೆಯೋಕೆ ಆಗಲ್ಲ" ಎಂದು ದೂರ ಎಳೆಯಬೇಡಿ. ನೋಡಬೇಕೋ ಬೇಡವೋ ಎಂಬುದು ಅವಳದೇ ತೀರ್ಮಾನ. ಅವಳು ಬಯಸಿದರೆ ಒಂದು ಫೋಟೋ, ಪಾದದ ಅಚ್ಚು ತೆಗೆದಿಡಿ. ಮಗು ಹೋದ ಮೇಲೂ ಎದೆಯಲ್ಲಿ ಹಾಲು ಬರುತ್ತದೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಎದೆ ಗಟ್ಟಿಯಾಗದಂತೆ ಹಾಲನ್ನು ನಿಧಾನಕ್ಕೆ ಕಮ್ಮಿ ಮಾಡುವುದು ಹೇಗೆಂದು ಸಿಸ್ಟರ್ ಹತ್ತಿರ ಕೇಳಿ ತಿಳಿಸಿ. ತಿಂಗಳುಗಳು ಕಳೆದ ಮೇಲೂ ಮಗುವಿನ ಹೆಸರು ಹಿಡಿದು ಮಾತಾಡಿ.

ಹೆಜ್ಜೆ 12: ಡಿಸ್ಚಾರ್ಜ್‌ಗೆ ಮುಂಚೆ ತಯಾರಿ

ಮನೆಗೆ ಹೋಗುವ ದಿನ ಖುಷಿಯ ಜೊತೆ ಭಯವೂ ಇರುತ್ತದೆ. ಮಾನಿಟರ್ ಇಲ್ಲ, ಕರೆದರೆ ಬರುವ ಸಿಸ್ಟರ್ ಇಲ್ಲ. ಟ್ಯೂಬಿನಲ್ಲಿ ಹಾಲು ಕೊಡುವುದು, ಗಾಯದ ಡ್ರೆಸಿಂಗ್, ಹೊಟ್ಟೆಯ ಮೇಲಿನ ಮಲದ ಚೀಲ ಬದಲಿಸುವುದು, ಔಷಧಿಯ ಹನಿ ಅಳೆಯುವುದು ಇವನ್ನು ಕೊನೆಯ ದಿನ ಗಡಿಬಿಡಿಯಲ್ಲಿ ಕಲಿಯಲು ಆಗುವುದಿಲ್ಲ. ಕೆಲವು ದಿನ ಮುಂಚಿನಿಂದ ಸಿಸ್ಟರ್ ಎದುರಿಗೇ ಅವಳು ಮಾಡಲಿ. ಮನೆಯಲ್ಲಿ ಇನ್ನೊಬ್ಬರೂ ಕಲಿಯಲೇಬೇಕು. ಇಲ್ಲದಿದ್ದರೆ ಅವಳಿಗೆ ಒಂದು ರಾತ್ರಿಯೂ ಬಿಡುವಿಲ್ಲ.

ಹೊರಡುವ ಮುಂಚೆ ಡಿಸ್ಚಾರ್ಜ್ ಸಮರಿ ಓದಿಸಿಕೊಳ್ಳಿ. ಮುಂದಿನ ಭೇಟಿ ಯಾವಾಗ, ಲಸಿಕೆ ಯಾವಾಗ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಉಸಿರಾಟ ಜೋರಾಗುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಹಸಿರು ವಾಂತಿ ಇವು ಕಂಡರೆ ಕಾಯಬಾರದು.

ಮೊದಲ ವಾರ ಕಳೆದ ಮೇಲೆ ಬರುವವರು ಕಮ್ಮಿಯಾಗುತ್ತಾರೆ. ನಿಮ್ಮ ಸರದಿ ಆಗ ಶುರು. ವಾರಕ್ಕೊಂದು ಹೊತ್ತು ಮಗುವನ್ನು ನೀವು ನೋಡಿಕೊಂಡು ಅವಳನ್ನು ಮಲಗಿಸಿ. ಚೆಕಪ್‌ಗೆ ಜೊತೆಗೆ ಹೋಗಿ, ಅದೇ ನೋಟ್‌ಬುಕ್ ತೆಗೆದುಕೊಂಡು. ಅವಳ ಬಾಣಂತಿ ಚೆಕಪ್ ತಪ್ಪಿದ್ದರೆ ಅದನ್ನೂ ಮಾಡಿಸಿ. ಮುಂದಿನ ಮಗುವಿನ ಯೋಚನೆ ಬಂದಾಗ, ಬಸಿರಾಗುವ ಮುಂಚೆಯೇ ದಂಪತಿ ಇಬ್ಬರೂ ಜೆನೆಟಿಕ್ ಸಲಹೆಗಾರರನ್ನು ಕಾಣಲಿ. ಗರ್ಭ ಧರಿಸಲು ಯೋಚಿಸುವವರಿಗೆ ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸಾಕು. ಹಿಂದಿನ ಮಗುವಿಗೆ ಬೆನ್ನುಹುರಿಯ ನ್ಯೂನತೆ ಇದ್ದರೆ ಅದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕಾಗುತ್ತದೆ. ಗರ್ಭ ನಿಲ್ಲುವ ಒಂದು ತಿಂಗಳು ಮುಂಚಿನಿಂದಲಾದರೂ, ಡಾಕ್ಟರ್ ಬರೆದುಕೊಟ್ಟ ಮೇಲೆಯೇ ಶುರು ಮಾಡಬೇಕು.